‘ಬೂಮ್’ – ಒಂದು ಸದ್ದು, ಹಲವು ಅರ್ಥ



ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ಸಲವೂ ಒಂದು ಪದದ ಪರಿಚಯ ಇರುತ್ತದೆ. ಈ ಸಲ ಆ ಸರದಿ ನನ್ನದು. ನಾನು ಆರಿಸಿಕೊಂಡಿರುವುದು ‘ಬೂಮ್’ ಎಂಬ ಇಂಗ್ಲಿಷ್ ಪದ. ಹೇಳೋಕೆ ಇದಕ್ಕಿಂತ ಸುಲಭದ ಪದ ಇನ್ನೊಂದಿಲ್ಲ. ಎರಡು ತುಟಿ ಸೇರಿಸಿ, ಬಿಟ್ಟು, ಮತ್ತೆ ಸೇರಿಸಿದರೆ ಆಯ್ತು. ಆದರೆ ಅರ್ಥ ಹೇಳಲು ಹೊರಟರೆ ಅದು ಒಂದು ಕಡೆ ನಿಲ್ಲುವ ಪದವಲ್ಲ.

ಒಂದೇ ವಾರದಲ್ಲಿ ಈ ಪದ ನನಗೆ ನಾಲ್ಕು ಕಡೆ ಸಿಕ್ಕಿತು. ಇಂಗ್ಲಿಷ್ ಕಥೆಯೊಂದರಲ್ಲಿ ತೋಪುಗಳು ‘ಬೂಮ್’ ಎಂದವು. ಪೇಪರಿನಲ್ಲಿ ‘ಅಡಿಕೆ ಧಾರಣೆಗೆ ಬೂಮ್’ ಎಂದಿತ್ತು. ನಮ್ಮೂರ ರಸ್ತೆ ಅಗಲ ಮಾಡುವಾಗ ಜೆಸಿಬಿ ಓಡಿಸುವ ಅಣ್ಣ ನಮ್ಮನ್ನು ನೋಡಿ, “ಬೂಮ್ ಕೆಳಗೆ ನಿಲ್ಲಬೇಡ್ರೋ” ಎಂದು ಕೂಗಿದರು. ನಾಲ್ಕನೆಯದು ಟೋಲ್ ಗೇಟಿನಲ್ಲಿ, ‘ಬೂಮ್ ಬ್ಯಾರಿಯರ್’ ಎಂಬ ಬರಹ. ಗೈಡಿನಲ್ಲಿ ಇದಕ್ಕೆ ಕೊಟ್ಟಿದ್ದು ಒಂದೇ ಅರ್ಥ: ‘ಗಂಭೀರವಾದ ಶಬ್ದ’. ಹಾಗಾದರೆ ಜೆಸಿಬಿಗೆ ಜೋಡಿಸಿದ್ದು ಗಂಭೀರವಾದ ಶಬ್ದವೇ? ಅಡಿಕೆ ಧಾರಣೆ ಶಬ್ದ ಮಾಡುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋಗಿದ್ದೇ ಈ ಲೇಖನ.

ಮೊದಲು ಸದ್ದು

ವ್ಯಾಕರಣದಲ್ಲಿ ನಾವು ‘ಅನುಕರಣಾವ್ಯಯ’ ಓದಿದ್ದೇವೆ. ಕಿವಿಗೆ ಕೇಳಿದ್ದನ್ನು ಕೇಳಿದ ಹಾಗೆಯೇ ಬಾಯಲ್ಲಿ ಹೇಳುವ ಪದ ಅದು. ಪಟಪಟ, ಧೊಪ್ಪನೆ, ಸರಸರ, ಚಟಚಟ, ಗುಳುಗುಳು. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನೂ ಇಂಥ ಪದಗಳನ್ನು ಬಿಟ್ಟಿಲ್ಲ. ಇಂಗ್ಲಿಷಿನ ಬೂಮ್ ಕೂಡ ಹೀಗೆ ಕಿವಿಯಿಂದ ಹುಟ್ಟಿದ ಪದವೇ. ಅಂದರೆ ಅದು ಒಂದು ಅನುಕರಣಾವ್ಯಯ.

ಆದರೆ ಎಲ್ಲ ದೊಡ್ಡ ಸದ್ದೂ ಬೂಮ್ ಅಲ್ಲ. ಲಕ್ಷ್ಮಿ ಪಟಾಕಿ ಹೊಡೆದರೆ ಬರುವುದು ಬೂಮ್ ಅಲ್ಲ, ಅದು ಚೂಪು. ಹಂಚಿನ ಮೇಲೆ ತೆಂಗಿನಕಾಯಿ ಬಿದ್ದರೂ ಬೂಮ್ ಅಲ್ಲ. ಬೂಮ್ ಎನ್ನಲು ಸದ್ದು ದಪ್ಪಗಿರಬೇಕು, ಒಳಗೆ ಟೊಳ್ಳಿದ್ದ ಹಾಗೆ ತುಂಬಿ ಬರಬೇಕು, ದೂರಕ್ಕೆ ಹೋಗಬೇಕು. ಡೊಳ್ಳಿನ ದಪ್ಪ ಮಗ್ಗುಲಿಗೆ ಬಿದ್ದ ಪೆಟ್ಟು ಬೂಮ್. ದೇವಸ್ಥಾನದ ನಗಾರಿ ಬೂಮ್. ಮೈಸೂರಿನಲ್ಲಿ ವಿಜಯದಶಮಿಯ ದಿನ ಜಂಬೂಸವಾರಿಗೆ ಮೊದಲು ಹಾರಿಸುವ 21 ಕುಶಾಲತೋಪುಗಳಂತೂ ಖಂಡಿತವಾಗಿ ಬೂಮ್.

ಹಕ್ಕಿಗಳ ಕೂಗಿಗೂ ಈ ಪದವನ್ನು ಬಳಸುತ್ತಾರೆ. ಯುರೋಪಿನ ಜವುಗು ಪ್ರದೇಶಗಳಲ್ಲಿ ಬಿಟರ್ನ್ ಎಂಬ ಕೊಕ್ಕರೆ ಜಾತಿಯ ಹಕ್ಕಿ ಇದೆ. ಗಂಡು ಹಕ್ಕಿ ಜೊಂಡಿನ ಮರೆಯಲ್ಲಿ ಕೂತು ಕೂಗಿದರೆ ಕಿಲೋಮೀಟರುಗಟ್ಟಲೆ ದೂರಕ್ಕೆ ಕೇಳುತ್ತದೆ. ಆ ಕೂಗಿಗೆ ಇಂಗ್ಲಿಷಿನಲ್ಲಿ ಬೂಮ್ ಎಂದೇ ಹೆಸರು. ನಮ್ಮ ಬೇಲಿಸಾಲಿನ ಕೆಂಬೂತ ‘ಊಪ್ ಊಪ್ ಊಪ್’ ಎನ್ನುವುದನ್ನು ಕೇಳಿದ್ದೀರಲ್ಲ? ಬೂಮ್ ಎಂದರೆ ಏನು ಅಂತ ಕೇಳಿದವರಿಗೆ ಅದನ್ನು ತೋರಿಸಿದರೂ ಆದೀತು.

ಹತ್ತಿರದ ಇನ್ನೆರಡು ಪದಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ‘ರೋರ್’. ಜೋಗದಲ್ಲಿ ರಾಜ, ರಾಣಿ, ರಾಕೆಟ್ ಜೊತೆಗೆ ರೋರರ್ ಎಂಬ ಕವಲು ಇದೆಯಲ್ಲ, ಅದು ಇದೇ ಪದ. ರೋರರ್ ಅಂದರೆ ಭೋರ್ಗರೆಯುವವನು. ಇನ್ನೊಂದು ‘ರಂಬಲ್’. ಅದು ಉರುಳಿಕೊಂಡು ಬರುವ ಗುಡುಗುಡು. ಲಾರಿ ಸೇತುವೆ ದಾಟುವಾಗ ಬರುವುದು, ಹಸಿದ ಹೊಟ್ಟೆಯಿಂದ ಬರುವುದು ಎಲ್ಲಾ ರಂಬಲ್. ರೋರ್ ನಿಲ್ಲದೆ ಇರುತ್ತದೆ, ರಂಬಲ್ ಉರುಳುತ್ತದೆ, ಬೂಮ್ ಒಮ್ಮೆ ಬಂದು ಹೋಗುತ್ತದೆ. ಮೂರನ್ನೂ ಕನ್ನಡದಲ್ಲಿ ‘ಶಬ್ದ’ ಎಂದು ಬರೆದರೆ ಅಂಕ ಸಿಗಬಹುದು, ಆದರೆ ಸದ್ದು ಮಾತ್ರ ಕೇಳಿಸುವುದಿಲ್ಲ.

ದಪ್ಪ ಸದ್ದು ಯಾಕೆ ದೂರ ಹೋಗುತ್ತದೆ?

ಡೊಳ್ಳಿನವರು ಪಕ್ಕದ ಊರಿನಲ್ಲಿ ಕುಣಿಯುತ್ತಿದ್ದರೆ ನಮಗೆ ಡೊಳ್ಳು ಕೇಳುತ್ತದೆ, ತಾಳ ಕೇಳುವುದಿಲ್ಲ. ಇದಕ್ಕೆ ಕಾರಣವಿದೆ. ಸದ್ದು ಅಂದರೆ ಗಾಳಿಯ ಕಂಪನ. ಚೂಪು ಸದ್ದಿನಲ್ಲಿ ಸೆಕೆಂಡಿಗೆ ಸಾವಿರಾರು ಕಂಪನ ಇರುತ್ತವೆ, ದಪ್ಪ ಸದ್ದಿನಲ್ಲಿ ಕೆಲವು ಹತ್ತು ಮಾತ್ರ. ವೇಗವಾಗಿ ಕಂಪಿಸುವ ಸದ್ದನ್ನು ಗಾಳಿ ದಾರಿಯಲ್ಲೇ ಹೆಚ್ಚು ಹೀರಿಕೊಳ್ಳುತ್ತದೆ. ನಿಧಾನವಾಗಿ ಕಂಪಿಸುವ ಸದ್ದು ಅಷ್ಟು ಬೇಗ ಕರಗುವುದಿಲ್ಲ. ಅದರ ಅಲೆ ಉದ್ದವಾದ್ದರಿಂದ ಮರ, ಗೋಡೆ, ಗುಡ್ಡಗಳನ್ನೂ ಸುತ್ತಿಕೊಂಡು ಬರುತ್ತದೆ.

ಸಿಡಿಲು ಹತ್ತಿರ ಬಿದ್ದರೆ ‘ಛಟಾರ್’ ಎನ್ನುತ್ತದೆ. ಅದೇ ಸಿಡಿಲು ದೂರ ಬಿದ್ದರೆ ‘ಗುಡುಡುಡು’ ಎನ್ನುತ್ತದೆ. ಸಿಡಿಲು ಬೇರೆಯಲ್ಲ, ಅದರ ಚೂಪು ದಾರಿಯಲ್ಲಿ ಸವೆದಿದೆ, ಅಷ್ಟೆ. ಮಿಂಚು ಕಂಡ ಮೇಲೆ ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸಿ. ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. ಎಣಿಸುವ ಮೊದಲೇ ಗುಡುಗಿದರೆ ಲೆಕ್ಕ ಬಿಟ್ಟು ಒಳಗೆ ಓಡಿ. ಮರದ ಕೆಳಗಂತೂ ನಿಲ್ಲಬೇಡಿ.

ಆಕಾಶದಿಂದ ಬಂದ ಬೂಮ್

ಇಸವಿ 2020, ಮೇ 20. ಕೊರೋನಾ ಲಾಕ್‌ಡೌನಿನ ದಿನಗಳು. ಮಧ್ಯಾಹ್ನ ಸುಮಾರು 1.20ಕ್ಕೆ ಬೆಂಗಳೂರಿನ ಜನರಿಗೆ ಒಂದು ಭಾರೀ ಸದ್ದು ಕೇಳಿತು. ಕಿಟಕಿ ಗಾಜುಗಳು ಅದುರಿದವು. ಕೆಲವರು ಭೂಕಂಪ ಎಂದರು, ಕೆಲವರು ಎಲ್ಲೋ ಏನೋ ಸ್ಫೋಟ ಆಗಿದೆ ಎಂದರು. ಭೂಕಂಪ ಅಳೆಯುವ ಯಂತ್ರಗಳಲ್ಲಿ ಮಾತ್ರ ಏನೂ ದಾಖಲಾಗಿರಲಿಲ್ಲ. ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆಯವರು ವಿಷಯ ತಿಳಿಸಿದರು. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿತ್ತು. ಅದು ನಗರದಿಂದ ಹೊರಗೆ, 36 ಸಾವಿರದಿಂದ 40 ಸಾವಿರ ಅಡಿ ಎತ್ತರದಲ್ಲಿ ಸದ್ದಿಗಿಂತ ವೇಗವಾಗಿ ಹಾರಿ, ವೇಗ ಇಳಿಸುವಾಗ ಈ ಸದ್ದು ಕೇಳಿರಬಹುದು ಎಂದರು. ವಿಮಾನ 65ರಿಂದ 80 ಕಿಲೋಮೀಟರ್ ದೂರದಲ್ಲಿದ್ದರೂ ಇಂಥ ಸದ್ದು ಕೇಳಬಹುದಂತೆ. ಇದಕ್ಕೆ ‘ಸಾನಿಕ್ ಬೂಮ್’ ಎಂದು ಹೆಸರು.

ಇದು ಹೇಗೆ ಉಂಟಾಗುತ್ತದೆ? ಕೆರೆಯಲ್ಲಿ ಬಾತುಕೋಳಿ ಈಜುವುದನ್ನು ನೆನಪು ಮಾಡಿಕೊಳ್ಳಿ. ಅದು ನಿಧಾನಕ್ಕೆ ಹೋದರೆ ಅಲೆಗಳು ಅದರ ಮುಂದೆಯೂ ಹಿಂದೆಯೂ ಹರಡುತ್ತವೆ. ಜೋರಾಗಿ ಈಜಿದರೆ ಅಲೆಗಳು ಅದರ ಮುಂದೆ ಹೋಗಲು ಆಗುವುದಿಲ್ಲ. ಎಲ್ಲವೂ ಹಿಂದೆ ಒಟ್ಟಾಗಿ, ನೇಗಿಲಿನ ಮೊನೆಯ ಹಾಗೆ ಎರಡು ಪಕ್ಕಕ್ಕೂ ಚಾಚಿಕೊಳ್ಳುತ್ತವೆ. ವಿಮಾನವೂ ಗಾಳಿಯನ್ನು ತಳ್ಳುತ್ತಾ ಅಲೆ ಎಬ್ಬಿಸುತ್ತದೆ. ನೆಲದ ಹತ್ತಿರ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಗಂಟೆಗೆ ಹೇಳುವುದಾದರೆ ಸುಮಾರು 1,225 ಕಿಲೋಮೀಟರ್. ಮೇಲಿನ ತಣ್ಣನೆಯ ಗಾಳಿಯಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ. ವಿಮಾನ ಇದನ್ನು ಮೀರಿ ಹಾರಿದರೆ ಗಾಳಿಯ ಅಲೆಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಅಲೆಯಾಗುತ್ತವೆ. ಅದು ನಮ್ಮ ಕಿವಿಗೆ ಬಡಿದಾಗ ಕೇಳುವುದೇ ಬೂಮ್.

ಸದ್ದಿನ ವೇಗ ದಾಟುವ ಆ ಒಂದು ಕ್ಷಣದಲ್ಲಿ ಮಾತ್ರ ಬೂಮ್ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ವಿಮಾನ ಆ ವೇಗದಲ್ಲಿ ಇರುವಷ್ಟು ಹೊತ್ತೂ ಆ ಅಲೆ ಅದರ ಬೆನ್ನಿಗೇ ಎಳೆದುಕೊಂಡು ಬರುತ್ತದೆ. ಯಾವ ಊರಿನ ಮೇಲೆ ಹಾದುಹೋಗುತ್ತದೋ ಆ ಊರಿನವರಿಗೆ ಒಂದೊಂದು ಸಲ ಕೇಳುತ್ತದೆ. ನಮಗೆ ಕೇಳಿದ್ದು ಒಂದು ಸಲ, ವಿಮಾನ ಎಬ್ಬಿಸುತ್ತಿದ್ದದ್ದು ಉದ್ದಕ್ಕೂ.

ನೇರ ಹಾರಾಟದಲ್ಲಿ ಸದ್ದಿನ ವೇಗವನ್ನು ಮೊದಲು ಮೀರಿದ ಮನುಷ್ಯ ಎಂದು ದಾಖಲಾದವರು ಅಮೆರಿಕದ ಚಕ್ ಯೇಗರ್. 1947ರ ಅಕ್ಟೋಬರ್ 14ರಂದು, ಬೆಲ್ ಎಕ್ಸ್-1 ಎಂಬ ರಾಕೆಟ್ ವಿಮಾನದಲ್ಲಿ. ಆಮೇಲೆ 1976ರಿಂದ 2003ರವರೆಗೆ ಕಾಂಕಾರ್ಡ್ ಎಂಬ ವಿಮಾನ ಪ್ರಯಾಣಿಕರನ್ನೇ ಕೂರಿಸಿಕೊಂಡು ಸದ್ದಿಗಿಂತ ಎರಡು ಪಟ್ಟು ವೇಗದಲ್ಲಿ ಹಾರಿತು. ಆದರೆ ಅದು ಆ ವೇಗವನ್ನು ಹೆಚ್ಚಾಗಿ ಸಮುದ್ರದ ಮೇಲೆಯೇ ತೋರಿಸಬೇಕಾಗಿತ್ತು. ಊರುಗಳ ಮೇಲೆ ಹಾರಿದರೆ ಜನರ ಕಿಟಕಿ ಅದುರುತ್ತಿತ್ತಲ್ಲ, ಅದಕ್ಕೆ.

ಬೂಮ್ ಎಬ್ಬಿಸಲು ವಿಮಾನವೇ ಬೇಕೆಂದಿಲ್ಲ. ದುರುಗಮುರುಗಿಯವರು ಊರಿಗೆ ಬಂದಾಗ ಚಾಟಿ ಬೀಸಿ ‘ಛಟೀರ್’ ಎನ್ನಿಸುತ್ತಾರೆ. ಚಾಟಿಯ ಬುಡ ದಪ್ಪ, ತುದಿ ಸಣ್ಣ. ಕೈಯ ಬಲ ತುದಿಗೆ ಬರುವ ಹೊತ್ತಿಗೆ ಆ ಸಣ್ಣ ತುದಿ ಸದ್ದಿನ ವೇಗವನ್ನೂ ಮೀರಿ ಹೋಗುತ್ತದೆ. ಆ ಛಟೀರ್ ಒಂದು ಪುಟ್ಟ ಸಾನಿಕ್ ಬೂಮ್! ಯೇಗರ್‌ಗಿಂತ ಎಷ್ಟೋ ಮುಂಚೆ ಸದ್ದಿನ ವೇಗ ಮೀರಿದ್ದು ಚಾಟಿಯ ತುದಿ.

ಜೆಸಿಬಿಯ ಬೂಮ್ ಬೇರೆ ಮನೆಯದು

ಈಗ ರಸ್ತೆಗೆ ಬರೋಣ. ಜೆಸಿಬಿಯ ಉದ್ದ ತೋಳಿಗೂ, ಟೋಲ್ ಗೇಟಿನಲ್ಲಿ ಏರುವ ಇಳಿಯುವ ಕಂಬಕ್ಕೂ ಸದ್ದಿಗೂ ಏನು ಸಂಬಂಧ? ಏನೂ ಇಲ್ಲ! ಇದು ಬೇರೆಯೇ ಪದ. ನಮ್ಮ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಇದ್ದ ಹಾಗೆ. ಹೆಸರು ಒಂದೇ ಆದರೂ ಮನೆ ಬೇರೆ, ಅಪ್ಪ ಅಮ್ಮ ಬೇರೆ.

ಈ ಎರಡನೆಯ ಬೂಮ್ ಬಂದದ್ದು ಹಾಲೆಂಡಿನ ಡಚ್ ಭಾಷೆಯಿಂದ. ಡಚ್ಚರು ‘ಬೋಮ್’ ಎನ್ನುತ್ತಾರೆ. ಅದರ ಅರ್ಥ ಮರ. ಡಚ್ಚರು ಹೆಸರಾಂತ ನಾವಿಕರು. ಹಾಯಿ ಹಡಗಿನಲ್ಲಿ ಹಾಯಿಯ ಕೆಳ ಅಂಚನ್ನು ಹಿಡಿದು ನಿಲ್ಲಿಸುವ ಅಡ್ಡ ಮರಕ್ಕೆ ಅವರ ಪದವನ್ನೇ ಇಂಗ್ಲಿಷರು ಎತ್ತಿಕೊಂಡರು. ಹಾಯಿ ಹಡಗು ಹೋಯಿತು, ಪದ ಉಳಿಯಿತು. ಕ್ರೇನಿನ ತೋಳು ಬೂಮ್ ಆಯಿತು, ಜೆಸಿಬಿಯ ತೋಳು ಬೂಮ್ ಆಯಿತು. ಸಿನಿಮಾ ಶೂಟಿಂಗಿನಲ್ಲಿ ನಟರ ತಲೆಯ ಮೇಲೆ ಮೈಕು ಹಿಡಿಯುವ ಕೋಲು ಬೂಮ್. ಟ್ರ್ಯಾಕ್ಟರಿಗೆ ಕಟ್ಟಿ ಔಷಧಿ ಸಿಂಪಡಿಸುವ ಅಡ್ಡ ಪೈಪಿನ ಸಾಲೂ ಬೂಮ್. ಬಂದರಿನ ಬಾಯಿಗೆ ಶತ್ರು ಹಡಗು ನುಗ್ಗದಂತೆ ಅಡ್ಡ ಕಟ್ಟುತ್ತಿದ್ದ ಮರದ ದಿಮ್ಮಿಗಳ ಸಾಲಿಗೂ ಬೂಮ್ ಎನ್ನುತ್ತಿದ್ದರು. ಉದ್ದವಾಗಿ ಚಾಚಿಕೊಂಡಿದ್ದರೆ, ಅಡ್ಡವಾಗಿ ನಿಂತಿದ್ದರೆ ಅದು ಮರದ ಮನೆತನದ ಬೂಮ್ ಅಂತ ಗುರುತು ಇಟ್ಟುಕೊಳ್ಳಿ.

ಮನೆ ಕಟ್ಟುವವರು ‘ಬೀಮ್ ಹಾಕಿಸಬೇಕು’ ಎನ್ನುತ್ತಾರಲ್ಲ, ಆ ಬೀಮ್ ಕೂಡ ಇದಕ್ಕೆ ದಾಯಾದಿ. ಅದಕ್ಕೂ ಹಿಂದೆ ಮರ ಎಂಬ ಅರ್ಥವೇ ಇತ್ತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಮರಕ್ಕೆ ‘ಬೌಮ್’ ಎನ್ನುತ್ತಾರೆ. ಆಫ್ರಿಕಾದಲ್ಲಿ ಮರದ ಮೇಲೆ ಇರುವ ಒಂದು ವಿಷದ ಹಾವಿದೆ. ಅದರ ಹೆಸರು ಬೂಮ್‌ಸ್ಲ್ಯಾಂಗ್. ಅದು ‘ಬೂಮ್’ ಎಂದು ಬುಸುಗುಟ್ಟುವುದಿಲ್ಲ. ಡಚ್ಚಿನಿಂದ ಬೆಳೆದ ಆಫ್ರಿಕಾನ್ಸ್ ಭಾಷೆಯಲ್ಲಿ ಅದರ ಅರ್ಥ ‘ಮರದ ಹಾವು’, ಅಷ್ಟೆ.

ಹಾಗಾದರೆ ಎಸೆದರೆ ತಿರುಗಿ ಬರುವ ಬೂಮರಾಂಗ್? ಅದು ಈ ಎರಡು ಮನೆಗೂ ಸೇರಿದ್ದಲ್ಲ. ಆಸ್ಟ್ರೇಲಿಯಾದ ಸಿಡ್ನಿ ಸುತ್ತಮುತ್ತಲಿನ ಮೂಲನಿವಾಸಿಗಳ ಭಾಷೆಯಿಂದ ಬಂದ ಪದ ಅದು. ಮುಖ ಒಂದೇ ಥರ ಇದ್ದ ಮಾತ್ರಕ್ಕೆ ನೆಂಟಸ್ತನ ಹೇಳಬಾರದು ಅನ್ನೋದಕ್ಕೆ ಇದು ಉದಾಹರಣೆ.

ಬೆಲೆಯ ಬೂಮ್

ಇನ್ನು ಉಳಿದದ್ದು ಪೇಪರಿನ ಬೂಮ್. ವ್ಯಾಪಾರ ಒಮ್ಮೆಲೇ ಏರಿದರೆ, ಬೆಲೆ ಜಿಗಿದರೆ, ಊರು ದಿಢೀರನೆ ಬೆಳೆದರೆ ಬೂಮ್ ಎನ್ನುವುದು ಅಮೆರಿಕದಲ್ಲಿ 1870ರ ದಶಕದಲ್ಲಿ ರೂಢಿಗೆ ಬಂತು. ಇದು ಮರದ ಮನೆಯದಲ್ಲ, ಬಹುಮಟ್ಟಿಗೆ ಸದ್ದಿನ ಮನೆಯದು ಎಂದೇ ಬಲ್ಲವರು ಹೇಳುತ್ತಾರೆ. ತೋಪು ಹಾರಿದಾಗಿನ ಆ ದಿಢೀರ್ ನುಗ್ಗಾಟ ಇದರಲ್ಲೂ ಇದೆ. ಕನ್ನಡದಲ್ಲಿ ನಾವು ‘ಭರಾಟೆ’, ‘ಭರ್ಜರಿ’, ‘ಸುಗ್ಗಿ’ ಎನ್ನುತ್ತೇವೆ. ‘ಅವನಿಗೆ ಈ ವರ್ಷ ಸುಗ್ಗಿ’ ಎಂದರೆ ಇಂಗ್ಲಿಷಿನ ಬೂಮ್‌ಗೆ ಬಹಳ ಹತ್ತಿರ.

ಜನಸಂಖ್ಯೆಗೂ ಈ ಪದ ಅಂಟಿಕೊಂಡಿತು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದ ಮೇಲೆ ಅಮೆರಿಕದಲ್ಲಿ ಮಕ್ಕಳು ಹುಟ್ಟುವುದು ಬಹಳ ಜಾಸ್ತಿಯಾಯಿತು. 1946ರಿಂದ 1964ರವರೆಗೆ ಸುಮಾರು 7 ಕೋಟಿ 60 ಲಕ್ಷ ಮಕ್ಕಳು ಹುಟ್ಟಿದರು. ಅದಕ್ಕೆ ‘ಬೇಬಿ ಬೂಮ್’ ಎಂದು ಹೆಸರು. ಆ ಮಕ್ಕಳು ಈಗ ಅಜ್ಜ ಅಜ್ಜಿಯಂದಿರು. ಆದರೂ ಅವರನ್ನು ‘ಬೂಮರ್’ ಎಂದೇ ಕರೆಯುತ್ತಾರೆ.

ಬೂಮ್‌ನಿಂದ ಎದ್ದ ಊರಿಗೆ ‘ಬೂಮ್ ಟೌನ್’ ಎನ್ನುತ್ತಾರೆ. ನಮ್ಮ ರಾಜ್ಯದಲ್ಲೇ ಇದಕ್ಕೆ ಉದಾಹರಣೆ ಕೋಲಾರದ ಚಿನ್ನದ ಗಣಿ, ಕೆಜಿಎಫ್. 1880ರಿಂದ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕೆಲಸ ನಡೆಸಿದರು. ಗಣಿಗೋಸ್ಕರ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ 1902ರಲ್ಲಿ ಅಲ್ಲಿಗೆ ತಂತಿ ಎಳೆದರು. ಬೆಂಗಳೂರಿಗೆ ಕರೆಂಟು ಬಂದದ್ದು ಅದಾದ ಮೇಲೆ. ಚಾಂಪಿಯನ್ ರೀಫ್ ಎಂಬ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಸುತ್ತಲಿನ ಬಂಡೆ ಭಾರಕ್ಕೆ ಬಿಗಿದುಕೊಂಡಿರುತ್ತದೆ. ಕೆಲವೊಮ್ಮೆ ಅದು ಒಮ್ಮೆಗೇ ಸಿಡಿದು ಮೇಲಿನ ಮನೆಗಳೂ ನಡುಗುತ್ತಿದ್ದವು. ಆ ‘ಬಂಡೆ ಸಿಡಿತ’ದಲ್ಲಿ ಎಷ್ಟೋ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದಾರೆ. ಅಂದರೆ ಕೆಜಿಎಫ್‌ನಲ್ಲಿ ಎರಡೂ ಬೂಮ್ ಇದ್ದವು, ಮೇಲೆ ಹಣದ್ದು, ಕೆಳಗೆ ಬಂಡೆಯದ್ದು. ಒಟ್ಟು ಸುಮಾರು 800 ಟನ್ ಚಿನ್ನ ತೆಗೆದ ಮೇಲೆ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಅಲ್ಲಿನ ಸಾವಿರಾರು ಜನ ಬೆಳಗಾದರೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗುವಂತಾಯಿತು.

ಹೀಗೆ ಏರಿದ್ದು ಬೀಳುವುದಕ್ಕೆ ಇಂಗ್ಲಿಷಿನಲ್ಲಿ ‘ಬಸ್ಟ್’ ಎಂಬ ಪದ ಇದೆ. ‘ಬೂಮ್ ಅಂಡ್ ಬಸ್ಟ್’ ಎಂದು ಎರಡನ್ನೂ ಜೋಡಿಯಾಗಿ ಹೇಳುತ್ತಾರೆ. ಪೇಪರಿನವರು ಮೊದಲನೆಯದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಎರಡನೆಯದು ಒಳಪುಟದಲ್ಲಿ ಎಲ್ಲೋ ಸಣ್ಣದಾಗಿ ಇರುತ್ತದೆ.

ನಮ್ಮ ಸೀಮೆಯ ಬೂಮ್: ವೆನಿಲ್ಲಾ

ಈ ಜೋಡಿ ಪದ ನಮ್ಮ ಮಲೆನಾಡಿಗೂ ಒಮ್ಮೆ ಬಂದು ಹೋಗಿದೆ. ನಾವು ಯಾರೂ ಆಗ ಹುಟ್ಟಿರಲಿಲ್ಲ.

ಐಸ್‌ಕ್ರೀಮಿಗೆ ಪರಿಮಳ ಕೊಡುವ ವೆನಿಲ್ಲಾ ಒಂದು ಬಳ್ಳಿಯ ಕೋಡು. ಸೀತಾಳೆ ಹೂವಿನ ಜಾತಿಯದು, ಮೂಲ ಮೆಕ್ಸಿಕೋ. ಆದರೆ ಜಗತ್ತಿಗೆ ಅತಿ ಹೆಚ್ಚು ವೆನಿಲ್ಲಾ ಕೊಡುವುದು ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ. 2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಅಲ್ಲಿನ ತೋಟಗಳನ್ನು ಹಾಳು ಮಾಡಿತು. ಸರಕು ಕಡಿಮೆಯಾಗಿ ಬೆಲೆ ಏರುತ್ತಾ ಹೋಯಿತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಾರು ರೂಪಾಯಿ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ, ದಕ್ಷಿಣ ಕನ್ನಡ ಎಲ್ಲ ಕಡೆ ರೈತರು ಅಡಿಕೆ ಮರಕ್ಕೆ, ಗ್ಲಿರಿಸಿಡಿಯಾ ಗೂಟಕ್ಕೆ ವೆನಿಲ್ಲಾ ಬಳ್ಳಿ ಹಬ್ಬಿಸಿದರು. ಬಳ್ಳಿಯ ತುಂಡನ್ನೇ ಮೀಟರ್ ಲೆಕ್ಕದಲ್ಲಿ ದುಬಾರಿ ಬೆಲೆಗೆ ಮಾರಿ ದುಡ್ಡು ಮಾಡಿದವರೂ ಇದ್ದರು.

ನಮ್ಮ ಮನೆಯಲ್ಲೂ ಹಾಕಿದ್ದರು. ಅಜ್ಜಿಯನ್ನು ಕೇಳಿದೆ. ಅಜ್ಜಿ ಹೇಳಿದ್ದು ಹೀಗೆ: “ಬೆಳಗ್ಗೆ ಎದ್ದು ತೋಟಕ್ಕೆ ಹೋಗ್ಬೇಕಿತ್ತು ಮಗಾ. ಹೂವು ಒಂದೇ ದಿನ ಇರೋದು. ಅದನ್ನ ಸಣ್ಣ ಕಡ್ಡೀಲಿ ಬಿಡಿಸಿ ಒಂದಕ್ಕೊಂದು ತಾಗಿಸ್ಬೇಕು. ನಾವು ಅದಕ್ಕೆ ಹೂವಿನ ಮದುವೆ ಅಂತಿದ್ವಿ. ಒಂದು ಬೆಳಗ್ಗೆ ನೂರಾರು ಮದುವೆ ಮಾಡಿಸಿದ್ದೀನಿ ನಾನು.” ಕೋಡು ಬಲಿಯುವ ಕಾಲಕ್ಕೆ ಕಳ್ಳರ ಕಾಟಕ್ಕೆ ಹೆದರಿ ಅಜ್ಜ ರಾತ್ರಿ ಬ್ಯಾಟರಿ ಹಿಡಿದು ತೋಟದಲ್ಲೇ ಮಲಗುತ್ತಿದ್ದರಂತೆ.

ಅಜ್ಜಿ ಹೇಳಿದ ‘ಹೂವಿನ ಮದುವೆ’ಗೂ ಒಂದು ಇತಿಹಾಸ ಇದೆ. ನಮ್ಮಲ್ಲಿ ವೆನಿಲ್ಲಾ ಹೂವಿಗೆ ಪರಾಗಸ್ಪರ್ಶ ಮಾಡುವ ಹುಳ ಇಲ್ಲವಾದ್ದರಿಂದ ಕೈಯಲ್ಲೇ ಮಾಡಬೇಕು. ಈ ಸುಲಭದ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್. ಆಗ ಅವನಿಗೆ 12 ವರ್ಷ. ಅವನು ಗುಲಾಮನಾಗಿದ್ದ. ನಮಗಿಂತ ಚಿಕ್ಕ ಹುಡುಗ ತೋರಿಸಿಕೊಟ್ಟ ಕೆಲಸವನ್ನೇ ನಮ್ಮ ಅಜ್ಜಿಯಂದಿರು ಇಲ್ಲಿ ಮಾಡಿದ್ದು.

ಆಮೇಲೆ ಏನಾಯಿತು? ಇಲ್ಲಿ ಲೆಕ್ಕ ಗಮನಿಸಿ. ವೆನಿಲ್ಲಾ ಬಳ್ಳಿ ನೆಟ್ಟರೆ ಹೂ ಬಿಡಲು ಸುಮಾರು ಮೂರು ವರ್ಷ. ಹೂವಾದ ಮೇಲೆ ಕೋಡು ಬಲಿಯಲು ಒಂಬತ್ತು ತಿಂಗಳು. ಬೆಲೆ ನೋಡಿ 2003ರಲ್ಲಿ ನೆಟ್ಟವನಿಗೆ ಕೋಡು ಸಿಗುವುದು 2006ರ ನಂತರ. ಅಷ್ಟರಲ್ಲಿ ಮಡಗಾಸ್ಕರಿನ ತೋಟ ಚೇತರಿಸಿಕೊಂಡಿತು. ಬೇರೆ ದೇಶದವರು ನೆಟ್ಟದ್ದೂ ಫಸಲಿಗೆ ಬಂತು. ಬೆಲೆ ಅತಿಯಾದಾಗ ಕಂಪನಿಗಳು ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ವೆನಿಲಿನ್ ಕಡೆಗೆ ತಿರುಗಿದವು. 2004ರ ಕೊನೆಯಿಂದ ಬೆಲೆ ಕುಸಿಯಿತು. 2005ರ ಹೊತ್ತಿಗೆ ಕೇಳುವವರೇ ಇಲ್ಲದಂತಾಯಿತು. ಮೊದಲೇ ನೆಟ್ಟಿದ್ದ ಕೆಲವರಿಗೆ ಮನೆ ಆಯಿತು, ಬೈಕು ಆಯಿತು. ಬೆಲೆ ಕೇಳಿ ಆಮೇಲೆ ನೆಟ್ಟವರಿಗೆ ಸಾಲ ಉಳಿಯಿತು. ನಮ್ಮ ಅಜ್ಜ ಎರಡನೇ ಗುಂಪಿನವರು. ಸೊಸೈಟಿ ಸಾಲ ತೀರಿಸಲು ಅವರಿಗೆ ಆರು ವರ್ಷ ಹಿಡಿಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2017ರ ಮಾರ್ಚ್‌ನಲ್ಲಿ ಎನಾವೊ ಎಂಬ ಇನ್ನೊಂದು ಚಂಡಮಾರುತ ಮಡಗಾಸ್ಕರಿಗೆ ಹೊಡೆಯಿತು. 2018ರಲ್ಲಿ ಸಂಸ್ಕರಿಸಿದ ವೆನಿಲ್ಲಾದ ಬೆಲೆ ಕಿಲೋಗೆ 600 ಡಾಲರ್ ಸುತ್ತಮುತ್ತ ಹೋಗಿ ಬೆಳ್ಳಿಯನ್ನೂ ಮೀರಿಸಿತು. ಆಮೇಲೆ ಮತ್ತೆ ಇಳಿಯಿತು. ಅದೇ ಬೂಮ್, ಅದೇ ಬಸ್ಟ್.

ಇದನ್ನೆಲ್ಲ ಯಾಕೆ ಬರೆದೆ ಅಂದ್ರೆ, ‘ಬೂಮ್’ ಪದದ ಅರ್ಥ ತಿಳಿಯುವುದು ಪರೀಕ್ಷೆಯ ಒಂದು ಅಂಕದ ವಿಷಯ ಮಾತ್ರ ಅಲ್ಲ. ಈಗ ಅಡಿಕೆ ಬಯಲುಸೀಮೆಗೂ ಹಬ್ಬಿದೆ. ನಮ್ಮೂರಲ್ಲೂ ಗದ್ದೆಗೆ ಮಣ್ಣು ಹಾಕಿಸಿ ಅಡಿಕೆ ಸಸಿ ಇಡುತ್ತಿದ್ದಾರೆ. ನಮ್ಮ ಮನೆಯಲ್ಲೂ ಆ ಮಾತು ನಡೆದಿದೆ. ಗದ್ದೆಯಲ್ಲಿ ದುಡಿತ ಜಾಸ್ತಿ, ಆಳು ಸಿಗಲ್ಲ, ಭತ್ತಕ್ಕೆ ರೇಟಿಲ್ಲ ಅಂತ ಅಪ್ಪ ಹೇಳೋದರಲ್ಲಿ ಸುಳ್ಳೇನೂ ಇಲ್ಲ. ಅಡಿಕೆ ಹಾಕಬೇಕೋ ಬೇಡವೋ ಎಂದು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು ಅನ್ನೋದು ನಮಗೆಲ್ಲ ಗೊತ್ತು. ಈವತ್ತಿನ ಪೇಪರಿನ ಬೂಮ್ ಈವತ್ತು ಮಾರುವವನದು. ಈವತ್ತು ನೆಡುವವನು ಕೇಳಬೇಕಾದ್ದು ಐದಾರು ವರ್ಷದ ಆಚೆಯ ಬೆಲೆಯನ್ನು. ಅದನ್ನು ಯಾವ ಪೇಪರೂ ಹಾಕುವುದಿಲ್ಲ. ನಾನು ಅಪ್ಪನಿಗೆ ಹೇಳಿದ್ದು ಇಷ್ಟೇ: “ಎಲ್ಲಾ ಗದ್ದೆಗೂ ಬೇಡ ಅಪ್ಪಾ, ಮನೆ ಊಟಕ್ಕೆ ಆಗೋವಷ್ಟು ಭತ್ತ ಇರಲಿ.” ಅಪ್ಪ “ನೋಡೋಣ” ಅಂದಿದ್ದಾರೆ. ಅಜ್ಜಿ ಏನೂ ಮಾತಾಡಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ.

ಗುರುತು ಹಿಡಿಯುವುದು ಹೇಗೆ?

ಇಂಗ್ಲಿಷ್ ಓದುವಾಗ ಬೂಮ್ ಸಿಕ್ಕರೆ ಅದರ ಅಕ್ಕಪಕ್ಕದ ಪದಗಳನ್ನು ನೋಡಿ. ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುವ ಹಾಗೆ, ಮನುಷ್ಯನನ್ನು ಅವನ ಸಹವಾಸದಿಂದ ತಿಳಿ, ಪದವನ್ನು ಅದರ ವಾಕ್ಯದಿಂದ ತಿಳಿ. ಹತ್ತಿರದಲ್ಲಿ ತೋಪು, ಗುಡುಗು, ಡೊಳ್ಳು, ಕಂಠ ಇದ್ದರೆ ಅದು ಸದ್ದು. ದಪ್ಪ ಧ್ವನಿಯವರಿಗೆ ‘ಬೂಮಿಂಗ್ ವಾಯ್ಸ್’ ಎನ್ನುವುದೂ ಇದೇ. ಹಡಗು, ಕ್ರೇನು, ಗೇಟು, ಮೈಕು ಇದ್ದರೆ ಅದು ಮರ ಅಥವಾ ತೋಳು. ಬೆಲೆ, ವ್ಯಾಪಾರ, ಊರು, ಜನಸಂಖ್ಯೆ ಇದ್ದರೆ ಅದು ದಿಢೀರ್ ಏರಿಕೆ.

ಇನ್ನೂ ಒಂದು ಮಾತು. ಮರದ ಬೂಮ್ ನಿಂತ ಕಡೆ ನಿಲ್ಲುತ್ತದೆ. ಸದ್ದಿನ ಮನೆಯಿಂದ ಬಂದ ಬೂಮ್ ಮಾತ್ರ, ತೋಪಿನದಾಗಲಿ ಬೆಲೆಯದಾಗಲಿ, ಎದ್ದ ಮೇಲೆ ಇಳಿಯಲೇಬೇಕು. ಈ ಎರಡನೆಯ ಬೂಮ್ ಕಂಡಾಗ ‘ಎಷ್ಟು ಏರಿತು?’ ಎಂದು ಕೇಳುವ ಜೊತೆಗೆ ‘ಎಷ್ಟು ದಿನ?’ ಎಂದೂ ಕೇಳುವುದು ಒಳ್ಳೆಯದು.

ಕೊನೆಗೆ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ, ಅವರ ಕಾಲದಲ್ಲಿ ಯಾವ ಬೆಳೆಗೆ ಒಮ್ಮೆಲೇ ಬೆಲೆ ಬಂದು ಹೋಯಿತು? ಶುಂಠಿಯೋ, ಏಲಕ್ಕಿಯೋ, ಕಾಳುಮೆಣಸೋ? ಯಾವ ವರ್ಷ, ಎಷ್ಟು ಬೆಲೆ, ಆಮೇಲೆ ಎಷ್ಟಾಯಿತು ಎಂದು ಒಂದು ಚೀಟಿಯಲ್ಲಿ ಬರೆದು ಆಫೀಸು ರೂಮಿನ ಕಿಟಕಿಯಲ್ಲಿರುವ ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿ. ಮುಂದಿನ ತಿಂಗಳು ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡೋಣ. ನಮ್ಮೂರ ಬೂಮ್‌ಗಳ ಲೆಕ್ಕ ನಮ್ಮ ಗೋಡೆಯ ಮೇಲೇ ಇರಲಿ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ